ಲೋಟ ಒಡೆಯಿತೋ, ನೀನು ಒಡೆದೆಯೋ?

ಚಿಕ್ಕವನಿದ್ದಾಗ ಒಂದು ದಿನ ಅಡುಗೆಮನೆಯಲ್ಲಿ ಗಾಜಿನ ಲೋಟ ನನ್ನ ಕೈಯಿಂದ ಜಾರಿತು. ನಡುಮನೆಯಿಂದ ಅಮ್ಮ ಕೂಗಿ ಕೇಳಿದರು, "ಏನೋ ಅದು ಸದ್ದು?" ನಾನು ಹೇಳಿದೆ, "ಲೋಟ ಬಿದ್ದು ಒಡೆದುಹೋಯ್ತಮ್ಮ." ಪೊರಕೆ ಹಿಡಿದು ಬಂದ ಅಮ್ಮ, "ಅದಕ್ಕೇನು ಕಾಲಿದೆಯಾ, ತಾನೇ ನಡ್ಕೊಂಡು ಹೋಗಿ ಬೀಳೋಕೆ? ಬೀಳಿಸಿದೆ ಅನ್ನು" ಅಂದರು.

ನಾನೇನೂ ಸುಳ್ಳು ಹೇಳಿರಲಿಲ್ಲ. ಲೋಟ ಬಿದ್ದದ್ದು ನಿಜ, ಒಡೆದದ್ದೂ ನಿಜ. ಆ ವಾಕ್ಯದಲ್ಲಿ ನಾನು ಇರಲಿಲ್ಲ, ಅಷ್ಟೇ. ಇಂಥ ವಾಕ್ಯಗಳಿಗೆ ನಮ್ಮ ಕನ್ನಡದಲ್ಲಿ ಬರವಿಲ್ಲ. ಪುಸ್ತಕ ಹರಿದುಹೋಯ್ತು, ಕೊಡೆ ಕಳೆದುಹೋಯ್ತು, ಹಾಲು ಉಕ್ಕಿಹೋಯ್ತು, ಹೇಳೋಕೆ ಮರೆತುಹೋಯ್ತು. ಒಂದರಲ್ಲೂ ಮಾಡಿದವರ ಸುಳಿವಿಲ್ಲ. ನಮಗೆ ಸಿಟ್ಟು ಕೂಡ 'ಬರುತ್ತದೆ', ನಿದ್ದೆ 'ಹತ್ತುತ್ತದೆ', ಹಸಿವು 'ಆಗುತ್ತದೆ'. ಎಲ್ಲವೂ ಎಲ್ಲಿಂದಲೋ ಬಂದು ನಮ್ಮ ಮೇಲೆ ಕೂತ ಹಾಗೆ.

ಹೀಗೆ ಮಾತಾಡುವವರು ನಡೆದ ಘಟನೆಯನ್ನು ನೋಡುವುದೂ ಬೇರೆ ಥರವೇ? ಭಾಷೆ ಬದಲಾದರೆ ಯೋಚನೆಯೂ ಬದಲಾಗುತ್ತದೆಯೇ? ಈ ಪ್ರಶ್ನೆ ಇಟ್ಟುಕೊಂಡು ಭಾಷಾಶಾಸ್ತ್ರದವರು, ಮನಶ್ಶಾಸ್ತ್ರದವರು ಹತ್ತಿರ ಹತ್ತಿರ ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಜಗಳ ಸ್ವಾರಸ್ಯವಾಗಿದೆ. ಅದನ್ನು ಶುರು ಮಾಡಿದವರೊಬ್ಬರು ಇನ್ಶೂರೆನ್ಸ್ ಕಂಪನಿಯ ನೌಕರ ಅನ್ನುವುದು ಇನ್ನೂ ಸ್ವಾರಸ್ಯ.

ಅವರ ಹೆಸರು ಬೆಂಜಮಿನ್ ಲೀ ವೊರ್ಫ್. ಹುಟ್ಟಿದ್ದು 1897ರಲ್ಲಿ, ಅಮೆರಿಕದಲ್ಲಿ. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಹಾರ್ಟ್‌ಫರ್ಡ್ ಊರಿನ ಅಗ್ನಿವಿಮೆ ಕಂಪನಿಯಲ್ಲಿ ಕೆಲಸ. ಫ್ಯಾಕ್ಟರಿ, ಗೋದಾಮುಗಳಿಗೆ ಹೋಗಿ ಬೆಂಕಿ ಯಾಕೆ ಹತ್ತುತ್ತದೆ ಅಂತ ನೋಡುವುದು ಅವರ ಹೊಟ್ಟೆಪಾಡು. ಭಾಷೆಗಳ ಅಧ್ಯಯನ ಬಿಡುವಿನ ವೇಳೆಯ ಹುಚ್ಚು. ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸಪೀರ್ ಎಂಬ ದೊಡ್ಡ ಭಾಷಾಶಾಸ್ತ್ರಜ್ಞರ ಹತ್ತಿರ ಪಾಠ ಕೇಳುತ್ತಿದ್ದರು. ಹಾಗಾಗಿ ಈ ವಾದಕ್ಕೆ ಆಮೇಲೆ 'ಸಪೀರ್-ವೊರ್ಫ್' ಎಂಬ ಜೋಡಿ ಹೆಸರು ಅಂಟಿಕೊಂಡಿತು.

ವೊರ್ಫ್ ಒಂದು ಕಡೆ ಗಮನಿಸಿದ್ದು ಇದು. ಪೆಟ್ರೋಲ್ ತುಂಬಿದ ಡ್ರಮ್‌ಗಳ ಹತ್ತಿರ ಕೆಲಸಗಾರರು ಮೈಯೆಲ್ಲ ಕಣ್ಣಾಗಿರುತ್ತಿದ್ದರು. 'ಖಾಲಿ' ಡ್ರಮ್‌ಗಳ ಹತ್ತಿರ ಮಾತ್ರ ಆರಾಮಾಗಿ ಸಿಗರೇಟು ಸೇದಿ, ತುಂಡನ್ನು ಅಲ್ಲೇ ಎಸೆಯುತ್ತಿದ್ದರು. ವಾಸ್ತವದಲ್ಲಿ ಖಾಲಿ ಡ್ರಮ್ಮೇ ಜಾಸ್ತಿ ಅಪಾಯ, ಅದರೊಳಗೆ ಪೆಟ್ರೋಲಿನ ಆವಿ ತುಂಬಿರುತ್ತದೆ. ಆದರೆ 'ಖಾಲಿ' ಅಂದ ಕೂಡಲೇ 'ಏನೂ ಇಲ್ಲ' ಅಂತ ತಲೆ ತೀರ್ಮಾನ ಮಾಡಿಬಿಡುತ್ತದೆ. ನಮ್ಮ ಮನೆಗಳನ್ನೇ ನೋಡಿ. ತುಂಬಿದ ಗ್ಯಾಸ್ ಸಿಲಿಂಡರಿಗೆ ಇರುವ ಮರ್ಯಾದೆ ಖಾಲಿ ಸಿಲಿಂಡರಿಗೆ ಇದೆಯಾ? ಖಾಲಿಯಾದದ್ದನ್ನು ಉರುಳಿಸಿಕೊಂಡು ಹೋಗಿ ಯಾವುದೋ ಮೂಲೆಗೆ ತಳ್ಳುತ್ತೇವೆ. ಒಳಗೆ ಚೂರು ಗ್ಯಾಸ್ ಉಳಿದಿರುತ್ತದೆ ಅನ್ನುವುದು ಗೊತ್ತಿದ್ದರೂ.

ಇಲ್ಲಿಯವರೆಗೆ ವೊರ್ಫ್ ಮಾತು ಸರಿ. ಆಮೇಲೆ ಅವರು ಸ್ವಲ್ಪ ಮುಂದೆಯೇ ಹೋಗಿಬಿಟ್ಟರು. ಅಮೆರಿಕದ ಅರಿಜೋನಾದಲ್ಲಿರುವ ಹೋಪಿ ಎಂಬ ಮೂಲನಿವಾಸಿಗಳ ಭಾಷೆಯಲ್ಲಿ ನಾವು 'ಕಾಲ' ಅನ್ನುವುದಕ್ಕೆ ನೇರವಾದ ಪದವಾಗಲಿ, ವ್ಯಾಕರಣವಾಗಲಿ ಇಲ್ಲ ಎಂದರು. ಹಾಗಾಗಿ ಹೋಪಿಗಳಿಗೆ ಕಾಲದ ಕಲ್ಪನೆಯೇ ಬೇರೆ ಎಂದರು. ಜನಕ್ಕೆ ಈ ಮಾತು ತುಂಬ ಹಿಡಿಸಿತು. ಕೊನೆಗೆ 1983ರಲ್ಲಿ ಎಕೆಹಾರ್ಟ್ ಮಾಲೋಟ್ಕಿ ಎಂಬ ಭಾಷಾಶಾಸ್ತ್ರಜ್ಞ ಹೋಪಿ ಭಾಷೆಯಲ್ಲಿ ಕಾಲವನ್ನು ಹೇಳುವ ಪದ, ಪ್ರತ್ಯಯ, ರೂಪಕಗಳನ್ನೆಲ್ಲ ಕೂಡಿಹಾಕಿದರು. ಅದು 600ಕ್ಕೂ ಹೆಚ್ಚು ಪುಟದ ಗ್ರಂಥವಾಯಿತು! ಎಸ್ಕಿಮೋ ಜನಕ್ಕೆ ಹಿಮಕ್ಕೆ ನೂರಾರು ಪದ ಇದೆ ಅನ್ನುವ ಕಥೆಯದ್ದೂ ಇದೇ ಪಾಡು. 1911ರಲ್ಲಿ ಫ್ರಾಂಜ್ ಬೋಯಾಸ್ ಎಂಬ ಮಾನವಶಾಸ್ತ್ರಜ್ಞ ಹೇಳಿದ್ದು ನಾಲ್ಕೇ ನಾಲ್ಕು ಮೂಲಪದ. ಬಾಯಿಂದ ಬಾಯಿಗೆ ಹೋಗುತ್ತಾ ಅದು ನಾಲ್ಕು ನೂರಾಯಿತು. ಅಂತೆ ಕಂತೆಗಳ ಸಂತೆ ವಿದ್ವಾಂಸರಲ್ಲೂ ನಡೆಯುತ್ತದೆ.

ಒಂದು ಪದ ಇಲ್ಲ ಅಂದರೆ ಆ ಯೋಚನೆಯೇ ಇಲ್ಲ ಅನ್ನುವುದು ಹಗುರಾದ ಮಾತು. ಹಿಂದಿಯಲ್ಲಿ ನಿನ್ನೆಗೂ 'ಕಲ್', ನಾಳೆಗೂ 'ಕಲ್'. ಹಾಗಂತ ದಿಲ್ಲಿಯವರು ನಾಳೆಯ ರೈಲಿಗೆ ನಿನ್ನೆಯೇ ಹೋಗಿ ನಿಂತವರಲ್ಲ.

ವೊರ್ಫ್ ವಾದ ಹೀಗೆ ಬಿದ್ದಮೇಲೆ ಕೆಲವು ಕಾಲ ಈ ವಿಷಯ ಎತ್ತಿದವರನ್ನು ವಿದ್ವಾಂಸರು ನೋಡಿ ನಗುವ ಹಾಗಾಗಿತ್ತು. ಮತ್ತೆ ಅದಕ್ಕೆ ಜೀವ ಬಂದದ್ದು ಆಸ್ಟ್ರೇಲಿಯಾದ ಒಂದು ಮೂಲೆಯಿಂದ.

ಉತ್ತರ ಕ್ವೀನ್ಸ್‌ಲ್ಯಾಂಡಿನ ಹೋಪ್‌ವೇಲ್ ಎಂಬ ಊರಿನ ಸುತ್ತ ಗೂಗು ಯಿಮಿಥಿರ್ ಎಂಬ ಭಾಷೆ ಇದೆ. ನಿಮಗೆ ಆ ಭಾಷೆಯ ಒಂದು ಪದ ಆಗಲೇ ಗೊತ್ತು: ಕಾಂಗರೂ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ಬಡಿದು ರಿಪೇರಿಗೆ ನಿಂತಾಗ ಅವನ ಕಡೆಯವರು ಬರೆದುಕೊಂಡ ಪದ ಅದು. 'ಕಾಂಗರೂ ಅಂದರೆ ನನಗೆ ಗೊತ್ತಿಲ್ಲ ಅಂತ ಅರ್ಥ' ಎಂಬ ಜೋಕು ನೀವೂ ಕೇಳಿರಬಹುದು. ಅದೂ ಕಟ್ಟುಕಥೆ. 'ಗಂಗುರ್ರು' ಅನ್ನುವುದು ಅಲ್ಲಿನ ಒಂದು ಜಾತಿಯ ಕಾಂಗರೂವಿನ ಹೆಸರೇ.

ಆ ಭಾಷೆಯ ವಿಶೇಷ ಬೇರೆ ಇದೆ. ಅದರಲ್ಲಿ ಜಾಗ ಹೇಳುವಾಗ ಎಡ-ಬಲ, ಹಿಂದೆ-ಮುಂದೆ ಬಳಸುವುದಿಲ್ಲ. ಎಲ್ಲಕ್ಕೂ ದಿಕ್ಕು. 'ಮರದ ಹಿಂದೆ' ಇಲ್ಲ, 'ಮರದ ಉತ್ತರಕ್ಕೆ'. ಪಕ್ಕದವರಿಗೆ ಜಾಗ ಬಿಡಬೇಕಾದರೆ 'ಸ್ವಲ್ಪ ಪೂರ್ವಕ್ಕೆ ಸರಿ'. ಅದೇ ಕೇಪ್ ಯಾರ್ಕ್ ಭೂಭಾಗದ ಪಶ್ಚಿಮ ಕರಾವಳಿಯಲ್ಲಿ, ಪೊರ್ಮ್‌ಪುರಾವ್ ಎಂಬಲ್ಲಿ, ಕೂಕ್ ಥಾಯೊರ್ ಎಂಬ ಭಾಷೆ ಇದೆ. ಅಲ್ಲಿ ಎದುರಾದವರನ್ನು ಮಾತಾಡಿಸುವುದೇ 'ಎಲ್ಲಿಗೆ ಹೊರಟೆ?' ಅಂತ. ಅದಕ್ಕೆ ಕೊಡುವ ಉತ್ತರದಲ್ಲಿ ದಿಕ್ಕು ಇರಬೇಕು. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಅಪಶಕುನ, 'ದೂರ ಹೊರಟ್ರಾ?' ಅಂತ ಸುತ್ತಿಬಳಸಿ ಕೇಳುತ್ತೇವೆ. ಅಲ್ಲಿ ಅದಿಲ್ಲದೆ ಮಾತೇ ಶುರುವಾಗುವುದಿಲ್ಲ. ದಿಕ್ಕು ತಿಳಿಯದವನು ಅಲ್ಲಿ ನಮಸ್ಕಾರದಿಂದ ಮುಂದಕ್ಕೆ ಹೋಗಲಾರ.

ಇದರ ಪರಿಣಾಮ ಏನು? ಅಲ್ಲಿನವರು ಎಚ್ಚರವಿರುವಷ್ಟು ಹೊತ್ತೂ ದಿಕ್ಕಿನ ಲೆಕ್ಕ ಇಟ್ಟಿರಬೇಕು. ಮನೆಯೊಳಗೆ, ಕಾಡಿನಲ್ಲಿ, ಕತ್ತಲಲ್ಲಿ, ಗಾಡಿಯಲ್ಲಿ ಹೋಗುವಾಗಲೂ. ಆ ಲೆಕ್ಕ ನೆನಪಿನಲ್ಲೂ ಉಳಿಯಬೇಕು. ಇಲ್ಲದಿದ್ದರೆ ನಿನ್ನೆ ನಡೆದದ್ದನ್ನು ಇವತ್ತು ಹೇಳುವುದು ಹೇಗೆ? ಜಾನ್ ಹ್ಯಾವಿಲೆಂಡ್ ಎಂಬ ಭಾಷಾಶಾಸ್ತ್ರಜ್ಞ ಹೋಪ್‌ವೇಲ್‌ನ ಹಿರಿಯರೊಬ್ಬರಿಂದ ಒಂದು ಕಥೆ ಕೇಳಿ ಚಿತ್ರೀಕರಿಸಿಕೊಂಡರು. ದೋಣಿ ಮಗುಚಿ, ಶಾರ್ಕ್‌ಗಳಿದ್ದ ನೀರಿನಲ್ಲಿ ಈಜಿ ದಡ ಸೇರಿದ ಕಥೆ. ಅಂದು ಆ ಹಿರಿಯರು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ದೋಣಿ ಮಗುಚಿದ್ದನ್ನು ಕೈಯಲ್ಲಿ ತೋರಿಸುವಾಗ ಕೈಯನ್ನು ಮುಂದಕ್ಕೆ ಉರುಳಿಸಿದರು. ಇನ್ನೊಂದು ಸಲ, ಸುಮಾರು ಎರಡು ವರ್ಷದ ಅಂತರದಲ್ಲಿ, ಅದೇ ಕಥೆ ಬೇರೆಯವರ ಕ್ಯಾಮೆರಾದಲ್ಲೂ ದಾಖಲಾಗಿದೆ. ಅಲ್ಲಿ ಉತ್ತರಕ್ಕೆ ಮುಖ ಮಾಡಿದ್ದರು. ಕೈ ಬಲದಿಂದ ಎಡಕ್ಕೆ ಉರುಳಿತು. ಲೆಕ್ಕ ಹಾಕಿ ನೋಡಿ. ಎರಡು ಸಲವೂ ದೋಣಿ ಮಗುಚಿದ್ದು ಪಶ್ಚಿಮಕ್ಕೇ. ಯಾರೂ ಕೇಳಿರಲಿಲ್ಲ, ಅವರೂ ಬೇಕಂತ ಮಾಡಿದ್ದಲ್ಲ.

ಸ್ಟೀಫನ್ ಲೆವಿನ್ಸನ್ ಎಂಬ ಭಾಷಾಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಇದಕ್ಕೊಂದು ಸರಳ ಪರೀಕ್ಷೆ ಮಾಡಿದರು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಮೇಜಿನ ಮೇಲೆ ಸೌಟು, ಲೋಟ, ಚಮಚ ಸಾಲಾಗಿ ಇಡಿ. ನೆನಪಿಟ್ಟುಕೊಳ್ಳಿ. ಈಗ ಬೆನ್ನು ತಿರುಗಿಸಿ, ಹಿಂದಿರುವ ಇನ್ನೊಂದು ಮೇಜಿನ ಮೇಲೆ 'ಅದೇ ಥರ' ಜೋಡಿಸಿ. ನೀವು ಎಡಕ್ಕಿದ್ದ ಸೌಟನ್ನು ಮತ್ತೆ ನಿಮ್ಮ ಎಡಕ್ಕೇ ಇಟ್ಟರೆ ನಿಮ್ಮ ಲೆಕ್ಕ ನಿಮ್ಮ ಮೈಯಿಂದ ಶುರುವಾಗುತ್ತದೆ ಅಂತ ಅರ್ಥ. ಗೂಗು ಯಿಮಿಥಿರ್ ಮಾತಾಡುವವರಲ್ಲಿ ಹೆಚ್ಚಿನವರು, ಸೌಟು ಉತ್ತರಕ್ಕಿದ್ದರೆ ತಿರುಗಿದ ಮೇಲೂ ಉತ್ತರಕ್ಕೇ ಇಡುತ್ತಾರೆ. ಅಂದರೆ ಈಗ ಅವರ ಬಲಗಡೆಗೆ. ಬಾಯಿಬಿಟ್ಟು ಒಂದು ಮಾತೂ ಆಡದೆ ಮಾಡುವ ಕೆಲಸ ಇದು, ಅದನ್ನು ಮರೆಯಬೇಡಿ.

ಕಾಲಕ್ಕೂ ಈ ಲೆಕ್ಕ ಹಬ್ಬುತ್ತದೆ. ಮನಶ್ಶಾಸ್ತ್ರದ ಲೆರಾ ಬೊರೊಡಿಟ್ಸ್ಕಿ ಮತ್ತು ಭಾಷಾಶಾಸ್ತ್ರದ ಆಲಿಸ್ ಗ್ಯಾಬಿ 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಪೊರ್ಮ್‌ಪುರಾವ್‌ನ ಜನಕ್ಕೆ ಕೆಲವು ಚಿತ್ರ ಕೊಟ್ಟು, ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸಲು ಹೇಳಿದ್ದರು. ಒಬ್ಬನೇ ಮನುಷ್ಯ ಮುದುಕನಾಗುತ್ತಾ ಹೋಗುವಂಥ ಚಿತ್ರಗಳು. ಇಂಗ್ಲಿಷ್‌ನವರು ಎಡದಿಂದ ಬಲಕ್ಕೆ ಜೋಡಿಸುತ್ತಾರೆ, ಹೀಬ್ರೂ ಓದುವವರು ಬಲದಿಂದ ಎಡಕ್ಕೆ. ಇವರು ಜೋಡಿಸಿದ್ದು ಪೂರ್ವದಿಂದ ಪಶ್ಚಿಮಕ್ಕೆ. ದಕ್ಷಿಣಕ್ಕೆ ಮುಖ ಮಾಡಿ ಕೂತಾಗ ಎಡದಿಂದ ಬಲಕ್ಕೆ, ಉತ್ತರಕ್ಕೆ ಮುಖ ಮಾಡಿದಾಗ ಬಲದಿಂದ ಎಡಕ್ಕೆ, ಪೂರ್ವಕ್ಕೆ ಮುಖ ಮಾಡಿದಾಗ ಚಿತ್ರಗಳು ಸೀದಾ ಅವರ ಮೈಕಡೆಗೇ ಬರುತ್ತವೆ.

ಇದೆಲ್ಲ ಎಲ್ಲೋ ದೂರದ ವಿಚಿತ್ರ ಅನ್ನಿಸಿದರೆ ಸ್ವಲ್ಪ ನಮ್ಮ ಕರಾವಳಿಗೆ ಬನ್ನಿ. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಮೂಡುಬಿದಿರೆ, ಪಡುಬಿದ್ರಿ ಅಂತ ಊರಿಗೆ ಊರೇ ದಿಕ್ಕು ಹೊತ್ತುಕೊಂಡಿವೆ. ಉಡುಪಿಯಲ್ಲಿ ತೆಂಕಪೇಟೆ, ಬಡಗುಪೇಟೆ. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು. ಕುಂದಾಪುರದ ಕಡೆಯ ನನ್ನ ಗೆಳೆಯನ ಅಜ್ಜಿ ಮನೆಯೊಳಗೂ 'ಮೂಡು ಬದಿ', 'ಪಡು ಬದಿ' ಅಂತಲೇ ಹೇಳುತ್ತಿದ್ದರು. ಅವರು ಒಮ್ಮೆ ಬೆಂಗಳೂರಿನ ಫ್ಲ್ಯಾಟಿಗೆ ಬಂದಾಗ ಮೊಮ್ಮಗನಿಗೆ ಪಜೀತಿ. "ಮೂಡು ಬದಿಯ ಕಿಟಕಿ ಹಾಕೋ" ಅಂದರೆ ಅವನು ಮೊಬೈಲ್ ತೆಗೆದು ಕಂಪಾಸ್ ನೋಡಬೇಕು. ಬೆಂಗಳೂರಿನ ನಮಗೆ ದಿಕ್ಕು ನೆನಪಾಗುವುದು ಎರಡೇ ಸಲ. 'ಈಸ್ಟ್ ಫೇಸಿಂಗ್' ಸೈಟು ಕೊಳ್ಳುವಾಗ, ಮತ್ತೆ ಅದರ ಪತ್ರದಲ್ಲಿ ಚಕ್ಕುಬಂದಿ ಓದುವಾಗ. ಉಳಿದಂತೆ ಆಟೋದವರಿಗೆ 'ಲೆಫ್ಟ್ ತಗೊಳ್ಳಿ, ರೈಟ್ ತಗೊಳ್ಳಿ'. ಎಡ-ಬಲ ಕೂಡ ಹೇಳುವುದಿಲ್ಲ ನಾವು.

ಅಜ್ಜಿ ಆಡುವುದೂ ಕನ್ನಡ, ಮೊಮ್ಮಗ ಆಡುವುದೂ ಕನ್ನಡ. ವ್ಯತ್ಯಾಸ ಎಲ್ಲಿಂದ ಬಂತು? ತಮಿಳುನಾಡಿನಲ್ಲಿ ಎರಿಕ್ ಪೆಡರ್ಸನ್ ಎಂಬವರು 1990ರ ದಶಕದಲ್ಲಿ ನೋಡಿದ್ದು ಇದನ್ನೇ. ಹಳ್ಳಿಯ ತಮಿಳರು ಹೆಚ್ಚಾಗಿ ದಿಕ್ಕು ಹಿಡಿದು ಮಾತಾಡುತ್ತಿದ್ದರು, ಪೇಟೆಯ ತಮಿಳರು ಎಡ-ಬಲ ಹಿಡಿದು. ಮೇಜಿನ ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಹಾಗೇ ಇಬ್ಭಾಗವಾಯಿತು. ಕಾಶಿಯಲ್ಲಿ ಆರ್. ಸಿ. ಮಿಶ್ರಾ ಮತ್ತು ಪಿಯರ್ ದಾಸೆನ್ ಮಕ್ಕಳ ಮೇಲೆ ಮಾಡಿದ ಅಧ್ಯಯನಗಳಲ್ಲಿ ಸಂಸ್ಕೃತ ಪಾಠಶಾಲೆಯ ಹುಡುಗರು ದಿಕ್ಕಿನ ಲೆಕ್ಕದಲ್ಲಿ ಬೇರೆ ಶಾಲೆಯ ಮಕ್ಕಳಿಗಿಂತ ಮುಂದಿದ್ದರು. ಸಂಧ್ಯಾವಂದನೆಗೆ ಕೂರುವವನಿಗೆ ಪೂರ್ವ ಯಾವುದು ಅಂತ ಗೊತ್ತಿರಲೇಬೇಕಲ್ವಾ? ಹಾಗಾದರೆ ಕೆಲಸ ಮಾಡುತ್ತಿರುವುದು ಭಾಷೆಯೋ, ಬದುಕೋ? ಲೀಲಾ ಗ್ಲೈಟ್‌ಮನ್ ಮತ್ತು ಪೆಗ್ಗಿ ಲೀ 2002ರಲ್ಲಿ ಈ ಪ್ರಶ್ನೆಯನ್ನೇ ಎತ್ತಿದರು. ಕೋಣೆಯ ಕಿಟಕಿ ಪರದೆ ತೆಗೆದು ಹೊರಗಿನ ಗುರುತು ಕಾಣುವಂತೆ ಮಾಡಿದರೆ ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿಗಳ ಉತ್ತರವೂ ಬದಲಾಗುತ್ತದೆ ಎಂದರು. ಲೆವಿನ್ಸನ್ ಗುಂಪು ಅದನ್ನು ಒಪ್ಪದೆ ಉದ್ದದ ಉತ್ತರ ಬರೆಯಿತು. ಆಮೇಲೆ ಮೆಕ್ಸಿಕೋದ ತ್ಸೆಲ್ತಾಲ್ ಭಾಷಿಕರ ಮೇಲಿನ ಪರೀಕ್ಷೆಯಲ್ಲಿ, ಎಡ-ಬಲದ ಬದಲು 'ದಿಬ್ಬದ ಕಡೆ, ಇಳಿಜಾರಿನ ಕಡೆ' ಎನ್ನುವ ಈ ಜನ, ಪರೀಕ್ಷೆಗೆ ಎಡ-ಬಲವೇ ಬೇಕೆಂದು ಸ್ಪಷ್ಟವಾದಾಗ ಅದನ್ನೂ ಸರಿಯಾಗಿ ಬಿಡಿಸಿದರು.

ನನಗೆ ಇದರಿಂದ ಅರ್ಥವಾಗುವುದು ಇಷ್ಟು. ಭಾಷೆ ಯೋಚನೆಗೆ ಬೇಲಿ ಹಾಕುವುದಿಲ್ಲ. ಅದು ದಿನಕ್ಕೆ ಸಾವಿರ ಸಲ ಕೆಲವು ಪ್ರಶ್ನೆ ಕೇಳುತ್ತದೆ, ಉತ್ತರ ಕೊಡದೆ ವಾಕ್ಯ ಮುಗಿಸಲು ಬಿಡುವುದಿಲ್ಲ. ಹುಟ್ಟಿದಾಗಿನಿಂದ ಆ ಉತ್ತರ ಕೊಟ್ಟು ಕೊಟ್ಟು ಕಣ್ಣು, ಕಿವಿ, ನೆನಪು ಅದಕ್ಕೆ ಪಳಗುತ್ತವೆ. ರೋಮನ್ ಯಾಕೊಬ್ಸನ್ ಎಂಬ ಭಾಷಾಶಾಸ್ತ್ರಜ್ಞ ಬಹಳ ಹಿಂದೆಯೇ ಈ ಅರ್ಥದ ಮಾತು ಹೇಳಿದ್ದರು: ಒಂದು ಭಾಷೆಯಲ್ಲಿ ಏನನ್ನು ಹೇಳಬಹುದು ಅನ್ನುವುದಕ್ಕಿಂತ ಏನನ್ನು ಹೇಳಲೇಬೇಕು ಅನ್ನುವುದರಲ್ಲಿ ವ್ಯತ್ಯಾಸ ಇದೆ.

ಕನ್ನಡ ನಮ್ಮನ್ನು ಏನು ಕೇಳುತ್ತದೆ? ಇಂಗ್ಲಿಷಿನವನು 'ಬ್ರದರ್ ಬಂದ' ಅಂದರೆ ಅವನಿಗೆ ಅಲ್ಲಿಗೆ ಮುಗಿಯಿತು. ನಮಗೆ ಆಗುವುದಿಲ್ಲ. ಅಣ್ಣನೋ, ತಮ್ಮನೋ? ಅಣ್ಣನಾದರೆ ಎಷ್ಟೋ ಮನೆಗಳಲ್ಲಿ 'ಬಂದ'ನಲ್ಲ, 'ಬಂದ್ರು'. 'ಅಂಕಲ್' ಅಂದರೆ ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ? ಅಪ್ಪನ ತಮ್ಮನ ಮಗಳು ನಮಗೆ ಅಕ್ಕ ಅಥವಾ ತಂಗಿ. ಅಮ್ಮನ ತಮ್ಮನ ಮಗಳು ಸೋದರಮಾವನ ಮಗಳು, ಮದುವೆಗೆ ಬರುವವಳು. ಇಂಗ್ಲಿಷ್‌ಗೆ ಇಬ್ಬರೂ 'ಕಸಿನ್'. ಈಗ ಆ ಪದ ನಮ್ಮಲ್ಲೂ ಸೇರಿಕೊಂಡಿದೆ. ಆದರೂ ಸಮಾಧಾನವಿಲ್ಲದೆ 'ಕಸಿನ್ ಸಿಸ್ಟರ್' ಅಂತ ಬಾಲ ಹಚ್ಚುತ್ತೇವೆ. ಇಂಗ್ಲಿಷಿನ ಮೇಷ್ಟ್ರು ತಪ್ಪು ಅಂದರೂ ಒಳಗಿನ ಕನ್ನಡ ಸುಮ್ಮನಿರುವುದಿಲ್ಲ.

ಹೊಸಬರನ್ನು ಕಂಡ ಎರಡೇ ಸೆಕೆಂಡಿನಲ್ಲಿ 'ನೀನು' ಅನ್ನಬೇಕೋ 'ನೀವು' ಅನ್ನಬೇಕೋ ಅಂತ ನಾವು ವಯಸ್ಸು, ಅಂತಸ್ತು, ಸಲುಗೆ ಎಲ್ಲ ತೂಗಿಬಿಡುತ್ತೇವೆ. ಇನ್ನೊಂದು ಕಡೆ ಕನ್ನಡ ಒಳ್ಳೆ ಬಿಡುವನ್ನೂ ಕೊಡುತ್ತದೆ. 'ನಮ್ಮ ಮ್ಯಾನೇಜರ್ ಬಂದ್ರು' ಅಂದರೆ ಗಂಡೋ ಹೆಣ್ಣೋ ಹೇಳಬೇಕಿಲ್ಲ.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು ನಮ್ಮ 'ಅಂತೆ'. 'ನಿನ್ನೆ ಶಿವಮೊಗ್ಗದಲ್ಲಿ ಮಳೆ ಬಂತು' ಅಂದರೆ ನಾನು ನೋಡಿದ್ದೇನೆ. 'ಮಳೆ ಬಂತಂತೆ' ಅಂದರೆ ಯಾರೋ ಹೇಳಿದ್ದು, ಹೊಣೆ ನನ್ನದಲ್ಲ. ಎರಡೇ ಅಕ್ಷರದಲ್ಲಿ ಜಾಮೀನು ಸಿಕ್ಕಿತು. ಟರ್ಕಿಯ ಭಾಷೆಯಲ್ಲಿ ನಡೆದುಹೋದದ್ದನ್ನು ಹೇಳುವಾಗ ಈ ಆಯ್ಕೆ ಕಡ್ಡಾಯ. ಕಂಡದ್ದಕ್ಕೆ ಒಂದು ಪ್ರತ್ಯಯ, ಕೇಳಿದ್ದಕ್ಕೆ ಅಥವಾ ಊಹಿಸಿದ್ದಕ್ಕೆ ಇನ್ನೊಂದು. ಹಾಗಾದರೆ ಇಂಥ ಭಾಷೆಯ ಮಕ್ಕಳು ಸುದ್ದಿಯ ಮೂಲವನ್ನು ಚೆನ್ನಾಗಿ ಜಾಲಾಡುತ್ತಾರಾ? ಇದೇ ಥರದ ಪ್ರತ್ಯಯಗಳಿರುವ ಕೊರಿಯನ್ ಭಾಷೆಯ ಮಕ್ಕಳನ್ನು ಇಂಗ್ಲಿಷ್ ಮಕ್ಕಳ ಜೊತೆ ಹೋಲಿಸಿ ನೋಡಿದಾಗ ಅಂಥ ಮುನ್ನಡೆ ಕಾಣಲಿಲ್ಲ. ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪುಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕನ್ನಡದಲ್ಲಿ ಇಲ್ಲದ್ದೂ ಒಂದು ಹೇಳಬೇಕು. ತಮಿಳು, ತೆಲುಗು, ತುಳುವಿನಲ್ಲಿ 'ನಾವು' ಎರಡು ಥರ. ತುಳುವಿನವರು 'ನಮ' ಅಂದರೆ ಎದುರಿಗಿರುವ ನೀವೂ ಸೇರಿದಿರಿ. 'ಎಂಕುಲು' ಅಂದರೆ ನಾವಷ್ಟೇ, ನೀವಿಲ್ಲ. ಒಮ್ಮೆ ಆಫೀಸಿನಲ್ಲಿ ಗೆಳೆಯರು, "ನಾವು ಊಟಕ್ಕೆ ಹೋಗ್ತಾ ಇದೀವಿ" ಅಂದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವರು ಆಗಲೇ ಬಾಗಿಲ ಹತ್ತಿರ. ನಾನು ಎದ್ದದ್ದು ನೀರು ಕುಡಿಯೋಕೆ ಅನ್ನುವ ಹಾಗೆ ಬಾಟಲಿ ತೆಗೆದುಕೊಂಡೆ. ತುಳುವಿನಲ್ಲಾಗಿದ್ದರೆ ಈ ಅವಮಾನ ತಪ್ಪುತ್ತಿತ್ತು. ಆದರೆ ನೋಡಿ, ಪದ ಒಂದೇ ಇದ್ದರೂ ಸೇರಿದವರು ಯಾರು, ಬಿಟ್ಟವರು ಯಾರು ಅನ್ನುವ ಕಲ್ಪನೆ ನನಗೆ ಚೆನ್ನಾಗಿಯೇ ಇತ್ತು. ಇಲ್ಲದಿದ್ದರೆ ಮುಖ ಸಪ್ಪಗಾಗುತ್ತಿರಲಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಇದು ಈ ಜಗಳದ ಹಳೇ ಅಖಾಡ. 1858ರಲ್ಲಿ ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದವರು, ಹೋಮರನ ಕಾವ್ಯ ಜಾಲಾಡಿ ಅದರಲ್ಲಿ ಬಣ್ಣದ ಮಾತು ವಿಚಿತ್ರವಾಗಿದೆ ಎಂದು ಬರೆದರು. ಸಮುದ್ರ ದ್ರಾಕ್ಷಾರಸದ ಬಣ್ಣ, ನೀಲಿಯ ಸುದ್ದಿಯೇ ಇಲ್ಲ. ಹಳೇ ಗ್ರೀಕರ ಕಣ್ಣಿಗೆ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲವೇನೋ ಅನ್ನುವಷ್ಟು ದೂರ ಹೋದರು. ಕಣ್ಣು ಸರಿಯಾಗೇ ಇತ್ತು. 1969ರಲ್ಲಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಅನೇಕ ಭಾಷೆಗಳನ್ನು ಹೋಲಿಸಿ, ಬಣ್ಣದ ಪದಗಳು ಒಂದು ಸರದಿಯಲ್ಲಿ ಹುಟ್ಟುತ್ತವೆ ಎಂದರು. ಮೊದಲು ಕಪ್ಪು-ಬಿಳಿ, ಆಮೇಲೆ ಕೆಂಪು, ಆಮೇಲೆ ಹಸಿರು ಮತ್ತು ಹಳದಿ, ನೀಲಿ ಇನ್ನೂ ತಡ. ಕನ್ನಡವನ್ನೇ ನೋಡಿ. ಕರಿ, ಬಿಳಿ, ಕೆಂಪು ನಮ್ಮವೇ. ಹಸಿರು 'ಹಸಿ'ಯ ನಂಟ. ಹಳದಿ, ನೀಲಿ ಎರಡೂ ಸಂಸ್ಕೃತದಿಂದ ಬಂದವು.

ಪದ ಇದ್ದರೆ ಕಣ್ಣು ಚುರುಕಾಗುತ್ತದಾ? ರಷ್ಯನ್ ಭಾಷೆಯಲ್ಲಿ ಕಡುನೀಲಿಗೆ 'ಸೀನಿ', ತಿಳಿನೀಲಿಗೆ 'ಗಲುಬೋಯ್'. ಎರಡನ್ನೂ ಸೇರಿಸಿ 'ನೀಲಿ' ಅನ್ನುವ ಒಂದೇ ಪದ ಇಲ್ಲ. 2007ರ ಒಂದು ಪ್ರಯೋಗದಲ್ಲಿ ಮೂರು ನೀಲಿ ಚೌಕ ತೋರಿಸಿ, ಮೇಲಿನದಕ್ಕೆ ಕೆಳಗಿನ ಎರಡರಲ್ಲಿ ಯಾವುದು ಹೊಂದುತ್ತದೆ ಅಂತ ಕೇಳಿದರು. ಒಂದು ಸೀನಿ, ಇನ್ನೊಂದು ಗಲುಬೋಯ್ ಆಗಿದ್ದಾಗ ರಷ್ಯನ್ನರು ಬೇಗ ಉತ್ತರ ಕೊಟ್ಟರು. ಇಂಗ್ಲಿಷ್‌ನವರಿಗೆ ಆ ಲಾಭ ಇರಲಿಲ್ಲ. ಇನ್ನು ಮುಂದಿನದು ಕೇಳಿ. ಅದೇ ಹೊತ್ತಿಗೆ ಉದ್ದದ ಅಂಕಿಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರಿ ಅಂತ ಕೆಲಸ ಕೊಟ್ಟರೆ ರಷ್ಯನ್ನರ ಲಾಭವೂ ಮಾಯ! ಅಂದರೆ ಕಣ್ಣು ಬದಲಾಗಿರಲಿಲ್ಲ. ನೋಡುತ್ತಿರುವಾಗ ಒಳಗೇ ಪದವೊಂದು ಪಿಸುಗುಟ್ಟುತ್ತಿತ್ತು. ಆ ಪಿಸುಮಾತಿಗೆ ಬೇರೆ ಕೆಲಸ ಕೊಟ್ಟ ಕೂಡಲೇ ಸಹಾಯ ನಿಂತಿತು. ಇಡೀ ವಿಷಯದಲ್ಲಿ ನನಗೆ ಅತಿ ಚೆಂದ ಕಾಣುವ ಪ್ರಯೋಗ ಇದು.

ನಮ್ಮ ಸೀರೆ ಅಂಗಡಿಗೆ ಹೋಗಿ ನೋಡಿ. ನನ್ನ ಬಾಯಲ್ಲಿ ಹಸಿರು ಒಂದೇ. ಅಂಗಡಿಯವರು ಮಡಿಕೆ ಬಿಚ್ಚುತ್ತಾ ಗಿಣಿ ಹಸಿರು, ಎಲೆ ಹಸಿರು, ಪಾಚಿ ಹಸಿರು ಅಂತ ಹೇಳುತ್ತಾ ಹೋಗುತ್ತಾರೆ. ನೀಲಿಗೆ ಆನಂದ ಬ್ಲೂ, ನವಿಲು ನೀಲಿ, ಎಂ.ಎಸ್. ಬ್ಲೂ. ಕೊನೆಯದು ಎಂ. ಎಸ್. ಸುಬ್ಬುಲಕ್ಷ್ಮಿಯವರ ಸೀರೆಯಿಂದ ಬಂದ ಹೆಸರು. ನನ್ನ ಹೆಂಡತಿ ಎರಡು ಸೀರೆ ಹಿಡಿದು ಯಾವುದು ಅಂತ ಕೇಳಿದರೆ ನನಗೆ ಎರಡೂ ಒಂದೇ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಅವಳಿಗೆ ಹೆಸರು ಸಿಕ್ಕಿದೆ, ಹಾಗಾಗಿ ನೆನಪೂ ಉಳಿದಿದೆ.

ಎಣಿಕೆಯಲ್ಲಿ ಹೆಸರಿನ ಈ ಕೆಲಸ ಇನ್ನೂ ಜೋರು. ಬ್ರೆಜಿಲಿನ ಅಮೆಜಾನ್ ಕಾಡಿನ ಪಿರಹಾ ಜನರ ಭಾಷೆಯಲ್ಲಿ ಎಣಿಸುವ ಪದಗಳಿಲ್ಲ. ಎದುರಿಗೆ ಸಾಲಾಗಿಟ್ಟ ವಸ್ತುಗಳಿಗೆ ಸಮನಾಗಿ ಇನ್ನೊಂದು ಸಾಲು ಜೋಡಿಸು ಅಂದರೆ ಚೆನ್ನಾಗಿಯೇ ಜೋಡಿಸುತ್ತಾರೆ. ಮೊದಲ ಸಾಲು ಮುಚ್ಚಿ, ನೆನಪಿನಿಂದ ಮಾಡು ಅಂದರೆ ಸಂಖ್ಯೆ ದೊಡ್ಡದಾದಂತೆ ಅಂದಾಜಿಗೆ ಇಳಿಯುತ್ತಾರೆ. ಸಂಖ್ಯೆಯ ಪದ ಅಂದರೆ ನೆನಪಿಗೆ ಕಟ್ಟಿದ ಗಂಟು.

ಎಲ್ಲ ಸಂಶೋಧನೆಯೂ ಹೀಗೆ ಗಟ್ಟಿಯಾಗಿ ನಿಂತಿಲ್ಲ. ಜರ್ಮನ್‌ನಲ್ಲಿ ಸೇತುವೆ ಸ್ತ್ರೀಲಿಂಗ, ಸ್ಪ್ಯಾನಿಷ್‌ನಲ್ಲಿ ಪುಲ್ಲಿಂಗ. ಹಾಗಾಗಿ ಜರ್ಮನ್ನರು ಸೇತುವೆಯನ್ನು 'ನಾಜೂಕು' ಅಂತಲೂ ಸ್ಪ್ಯಾನಿಷ್‌ನವರು 'ಬಲಿಷ್ಠ' ಅಂತಲೂ ವರ್ಣಿಸುತ್ತಾರೆ ಅನ್ನುವ ಕಥೆ ಇಂಟರ್ನೆಟ್ ತುಂಬ ಓಡಾಡುತ್ತಿದೆ. ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ಕೀತ್ ಚೆನ್ ಎಂಬ ಅರ್ಥಶಾಸ್ತ್ರಜ್ಞ 2013ರಲ್ಲಿ ಇನ್ನೊಂದು ಬಾಂಬ್ ಹಾಕಿದರು. ಭವಿಷ್ಯತ್ ಕಾಲಕ್ಕೆ ಕಡ್ಡಾಯವಾಗಿ ಬೇರೆ ರೂಪ ಬಳಸದ ಭಾಷೆಯವರಿಗೆ ನಾಳೆ ಇಂದಿನಷ್ಟೇ ಹತ್ತಿರ ಕಾಣುತ್ತದೆ, ಹಾಗಾಗಿ ಅವರು ಜಾಸ್ತಿ ಉಳಿತಾಯ ಮಾಡುತ್ತಾರೆ ಎಂದು. ಆಡುಗನ್ನಡದಲ್ಲಿ 'ದಿನಾ ಬರ್ತೀನಿ', 'ನಾಳೆ ಬರ್ತೀನಿ' ಎರಡಕ್ಕೂ ಒಂದೇ 'ಬರ್ತೀನಿ'. ಈ ಲೆಕ್ಕದಲ್ಲಿ ನಾವೆಲ್ಲ ಇಷ್ಟೊತ್ತಿಗೆ ಭಾರೀ ಠೇವಣಿದಾರರಾಗಿರಬೇಕಿತ್ತು. ಒಂದೇ ಮೂಲದ ಭಾಷೆಗಳು ನಂಟರು, ಅವನ್ನು ಬೇರೆ ಬೇರೆಯಾಗಿ ಎಣಿಸಬಾರದು. ಇದನ್ನು ಲೆಕ್ಕಕ್ಕೆ ತಂದು 2015ರಲ್ಲಿ ಚೆನ್ ಅವರೂ ಸೇರಿ ಮತ್ತೆ ನೋಡಿದಾಗ ಆ ಸಂಬಂಧ ಸಾಕಷ್ಟು ಸಡಿಲವಾಯಿತು.

ಇನ್ನು ಆ ಲೋಟದ ವಿಷಯ. ಕೈತಪ್ಪಿ ಆದ ಅನಾಹುತಕ್ಕೂ ಇಂಗ್ಲಿಷ್‌ನವರು ಸಾಮಾನ್ಯವಾಗಿ 'ಅವನು ಒಡೆದ' ಅನ್ನುತ್ತಾರೆ. ಸ್ಪ್ಯಾನಿಷ್‌ನವರು ನಮ್ಮ ಹಾಗೆ 'ಒಡೆದುಹೋಯ್ತು' ಅನ್ನುವುದು ಹೆಚ್ಚು. ಕೇಟ್ಲಿನ್ ಫಾಸಿ ಮತ್ತು ಬೊರೊಡಿಟ್ಸ್ಕಿ ಎರಡೂ ಕಡೆಯವರಿಗೆ ಸಣ್ಣ ಸಣ್ಣ ವೀಡಿಯೋ ತೋರಿಸಿದರು. ಒಬ್ಬ ಬೇಕಂತಲೇ ಬಲೂನು ಒಡೆಯುತ್ತಾನೆ, ಇನ್ನೊಬ್ಬನ ಕೈ ತಗುಲಿ ಒಡೆಯುತ್ತದೆ, ಇಂಥವು. ಬೇಕಂತ ಮಾಡಿದವರು ಯಾರು ಅನ್ನುವುದು ಇಬ್ಬರಿಗೂ ಒಂದೇ ಥರ ನೆನಪಿತ್ತು. ಕೈತಪ್ಪಿ ಮಾಡಿದವರನ್ನು ಮಾತ್ರ ಇಂಗ್ಲಿಷ್‌ನವರು ಹೆಚ್ಚು ನೆನಪಿಟ್ಟಿದ್ದರು.

ಅದೇ ಇಬ್ಬರು ಇನ್ನೊಂದು ಪ್ರಯೋಗ ಮಾಡಿದರು. 2004ರಲ್ಲಿ ಅಮೆರಿಕದ ಫುಟ್‌ಬಾಲ್ ಫೈನಲ್ 'ಸೂಪರ್ ಬೌಲ್'ನ ಕಾರ್ಯಕ್ರಮದಲ್ಲಿ ಗಾಯಕ ಜಸ್ಟಿನ್ ಟಿಂಬರ್ಲೇಕ್ ಕೈಯಿಂದ ಗಾಯಕಿ ಜಾನೆಟ್ ಜ್ಯಾಕ್ಸನ್ ಉಡುಪು ಹರಿದ ಘಟನೆ ನೆನಪಿರಬಹುದು. ಅದರ ಎರಡು ವರದಿ ತಯಾರಿಸಿದರು. ಒಂದರಲ್ಲಿ ಆತ 'ಹರಿದ', ಇನ್ನೊಂದರಲ್ಲಿ ಉಡುಪು 'ಹರಿಯಿತು'. ಉಳಿದದ್ದೆಲ್ಲ ಒಂದೇ. ದಂಡ ಎಷ್ಟು ಹಾಕುತ್ತೀರಿ ಅಂತ ಕೇಳಿದಾಗ 'ಹರಿದ' ಓದಿದವರು ಅರ್ಧಕ್ಕಿಂತ ಜಾಸ್ತಿ ಏರಿಸಿ ಹೇಳಿದರು. ಘಟನೆಯ ವೀಡಿಯೋ ನೋಡಿದವರೂ ಪದಕ್ಕೆ ಬಗ್ಗಿದರು.

ಇಲ್ಲಿ ಭಾಷೆ ಎರಡಿಲ್ಲ, ಒಂದೇ. ಎರಡು ವಾಕ್ಯ ಅಷ್ಟೇ. ಹಾಗಾಗಿ ನನಗೆ ಇದು ಆಸ್ಟ್ರೇಲಿಯಾದ ದಿಕ್ಕಿಗಿಂತ ಹತ್ತಿರದ ವಿಷಯ. 'ಲಾಠಿ ಪ್ರಹಾರ ನಡೆಯಿತು' ಅಂತ ಪೇಪರಿನಲ್ಲಿ ಓದುತ್ತೇವೆ. ಸರ್ಕಾರಿ ಕನ್ನಡಕ್ಕಂತೂ 'ಲಾಗಿದೆ', 'ಲಾಗುವುದು' ಇಲ್ಲದೆ ಉಸಿರೇ ಆಡದು.

ಹೋದ ವರ್ಷ ನಮ್ಮ ಬೀದಿಯ ದೀಪ ಕೆಟ್ಟಿತ್ತು. ಅರ್ಜಿ ಕೊಟ್ಟೆ. 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಅಂತ ಉತ್ತರ ಬಂತು. ಇಷ್ಟೆಲ್ಲ ಓದಿಕೊಂಡವನಲ್ಲವೇ ನಾನು, ಎರಡನೇ ಅರ್ಜಿಯಲ್ಲಿ ಜಾಣತನ ಮಾಡಿದೆ. 'ಯಾರು, ಯಾವ ತಾರೀಖು ಬಂದು ಸರಿಮಾಡುತ್ತಾರೆ? ದಯವಿಟ್ಟು ಹೆಸರು ಸಮೇತ ತಿಳಿಸಿ' ಅಂತ ಬರೆದೆ. ಹದಿನೈದು ದಿನದ ಮೇಲೆ ಉತ್ತರ ಬಂತು: 'ತಮ್ಮ ಮನವಿಯನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ.' ಅಮ್ಮನಿಗೆ ಓದಿ ಹೇಳಿದೆ. "ನೀನು ಲೋಟ ಒಡೆದಾಗ ಹೇಳಿದ ಹಾಗೇ ಇದೆಯಲ್ಲೋ" ಅಂದರು.